ಕಹಿಗೆ ಎಷ್ಟು ಹೆಸರು?

ಕನ್ನಡ ಮೇಷ್ಟ್ರ ಮನೆಯನ್ನು ಜನ ಹುಡುಕಿಕೊಂಡು ಬರುವ ಕಾರಣಗಳು ಹೆಚ್ಚೇನಿಲ್ಲ. ಮದುವೆಯ ಕರೆಯೋಲೆಯ ಒಕ್ಕಣೆ ತಿದ್ದಿಸಬೇಕಾದಾಗ, ಮಗುವಿಗೊಂದು ಹೆಸರು ಬೇಕಾದಾಗ, ನಿವೃತ್ತರಾಗುವ ಮಹನೀಯರಿಗೆ ಬಿನ್ನವತ್ತಳೆ ಬರೆಸಬೇಕಾದಾಗ ನಮ್ಮ ನೆನಪಾಗುತ್ತದೆ. ಇಪ್ಪತ್ತು ವರ್ಷಗಳ ಅಧ್ಯಾಪನವೃತ್ತಿಯಲ್ಲಿ ಇವೆಲ್ಲವನ್ನೂ ನಾನು ಮಾಡಿಕೊಟ್ಟಿದ್ದೇನೆ. ಆದರೆ ಒಂದು ಬಿಯರಿನ ರುಚಿಯನ್ನು ಕನ್ನಡದಲ್ಲಿ ಬಣ್ಣಿಸಿಕೊಡಿರೆಂದು ಯಾರೂ ನನ್ನನ್ನು ಕೇಳಿರಲಿಲ್ಲ. ಈ ಬೇಸಗೆಯಲ್ಲಿ ಅದೂ ಆಯಿತು.

ಕೇಳಿದವನು ನನ್ನ ಹಳೆಯ ಶಿಷ್ಯ. ಹಾಸನದ ಕಾಲೇಜಿನಲ್ಲಿ ವಿಜ್ಞಾನ ಓದುತ್ತಿದ್ದಾಗ ವಾರಕ್ಕೆ ನಾಲ್ಕು ಗಂಟೆ ಕನ್ನಡ ತರಗತಿಯಲ್ಲಿ ನನ್ನೆದುರು ಕುಳಿತು, ಅದರಲ್ಲಿ ಎರಡು ಗಂಟೆಯಾದರೂ ಎಚ್ಚರವಾಗಿದ್ದವನು. ಸಕಲೇಶಪುರದಾಚೆ ಹಾನುಬಾಳಿನ ಕಡೆ ಅವನ ಮನೆಯವರ ಕಾಫಿತೋಟ. ೨೦೧೦ರ ಈಚೆಗೆ ಬೆಂಗಳೂರಿನಲ್ಲಿ ಸಣ್ಣ ಬ್ರೂವರಿಗಳು ಒಂದರ ಹಿಂದೊಂದು ಹುಟ್ಟಿಕೊಂಡವಷ್ಟೆ. ಅಂಥ ಒಂದರಲ್ಲಿ ಅವನಿಗೆ ಬಿಯರ್ ಕುದಿಸುವ ಕೆಲಸ. ಹೊಸದಾಗಿ ಅವರೊಂದು ಇಂಗ್ಲಿಷ್ ಶೈಲಿಯ 'ಇಂಡಿಯಾ ಪೇಲ್ ಏಲ್' ತಯಾರಿಸಿದ್ದರು. ಬಾಟಲಿಯ ಚೀಟಿಯ ಮೇಲೆ ಕನ್ನಡದಲ್ಲಿ ನಾಲ್ಕು ಮಾತು ಬೇಕಾಗಿತ್ತು.

"ನಿಘಂಟು ನೋಡಿ ನಾನೇ ಬರೆದೆ ಸಾರ್. ಓದಿದರೆ ನನಗೇ ನಗು ಬರುತ್ತೆ" ಎಂದು ಅವನು ಫೋನಿನಲ್ಲಿ ಓದಿ ಹೇಳಿದ: "ಭೌಮಗಂಧದಿಂದಲೂ ಪುಷ್ಪಗಂಧದಿಂದಲೂ ಕೂಡಿದ ತಿಕ್ತಪೇಯ."

ನಾನೂ ನಕ್ಕೆ. ಅದು ಬಿಯರಿನ ಬಾಟಲಿಯೋ ಪಂಡಿತರ ಕಷಾಯದ ಶೀಸೆಯೋ ಎಂದು ಸಂಶಯ ಬರುವಂತಿತ್ತು.

ಆದರೂ ಒಡನೆ ಒಪ್ಪಿಕೊಳ್ಳಲಿಲ್ಲ. ಮದ್ಯವೆಂದ ಕೂಡಲೆ ಮೂಗು ಮುರಿಯುವ ಮಡಿವಂತಿಕೆ ನನಗಿಲ್ಲ. ಪಂಪನ 'ವಿಕ್ರಮಾರ್ಜುನ ವಿಜಯ'ದ ಪಾನಗೋಷ್ಠಿಯನ್ನು ಎಷ್ಟೋ ಸಲ ಪಾಠ ಹೇಳಿದವನಿಗೆ ಅದು ಒಪ್ಪುವುದೂ ಇಲ್ಲ. ಹನ್ನೆರಡನೆಯ ಶತಮಾನದ ಶರಣರ ನಡುವೆ ಹೆಂಡ ಮಾರುತ್ತಿದ್ದ ಮಾರಯ್ಯನಿಗೂ ಒಂದು ಪೀಠವಿತ್ತು. ನಮ್ಮ ವೃತ್ತಿಬಾಂಧವರೇ ಆಗಿದ್ದ ಜಿ. ಪಿ. ರಾಜರತ್ನಂ ಅವರಂತೂ, ಸ್ವತಃ ಕುಡಿಯದವರೆಂದು ಪ್ರಸಿದ್ಧರಾಗಿದ್ದೂ, ಕುಡುಕ ರತ್ನನ ಬಾಯಿಂದ ಕನ್ನಡಕ್ಕೆ ಹೊಸದೊಂದು ನುಡಿಯನ್ನೇ ತಂದರು. ಸಾಹಿತ್ಯದಲ್ಲಿ ನನಗೆ ತಕರಾರಿಲ್ಲ. ತಕರಾರಿದ್ದದ್ದು ಮನೆಯಲ್ಲಿ.

ನಮ್ಮ ಊರು ಆಲೂರು ತಾಲ್ಲೂಕಿನ ಪಾಳ್ಯದ ಸೀಮೆಯದು. ಅಲ್ಲಿ ನನ್ನ ದೊಡ್ಡಪ್ಪನಿಗೆ ಮೂರು ಎಕರೆ ಗದ್ದೆಯೂ ಗುಡ್ಡದ ಓರೆಯಲ್ಲಿ ಒಂದು ತುಂಡು ಕಾಫಿಯೂ ಇದ್ದುವು. ಊರಿನ ಮೂಲೆಯಲ್ಲಿ ಪ್ಯಾಕೆಟ್ ಸಾರಾಯಿಯ ಅಂಗಡಿಯೊಂದಿತ್ತು. ಗದ್ದೆ ಮೊದಲು ಹೋಯಿತು, ಕಾಫಿ ಆಮೇಲೆ ಹೋಯಿತು, ಕಡೆಗೆ ದೊಡ್ಡಪ್ಪನೇ ಹೋದ. ೨೦೦೭ರ ಜುಲೈ ೧ರಿಂದ ಕರ್ನಾಟಕದಲ್ಲಿ ಸಾರಾಯಿ ನಿಂತಿತು. ಅದನ್ನು ನೋಡಲು ಅವನು ಉಳಿದಿರಲಿಲ್ಲ. ದೊಡ್ಡಮ್ಮ ಇದ್ದಾಳೆ. ನಾನು ಎಂ.ಎ. ಓದಲು ಮೈಸೂರಿಗೆ ಹೊರಟ ದಿನ ಅವಳು ನನ್ನ ಕೈ ಹಿಡಿದು ಏನನ್ನೂ ಕೇಳಿಕೊಳ್ಳಲಿಲ್ಲ, ಸುಮ್ಮನೆ ಹಿಡಿದುಕೊಂಡಿದ್ದಳು. ಆಣೆಯೇನೂ ಇಡದಿದ್ದರೂ ಅದು ಆಣೆಯಂತೆಯೇ ನನ್ನ ಮೇಲೆ ಉಳಿದಿತ್ತು.

ಇದನ್ನೆಲ್ಲ ಶಿಷ್ಯನಿಗೆ ಹೇಳಲಿಲ್ಲ. "ರುಚಿ ನೋಡದೆ ಬರೆಯಲಾರೆ, ರುಚಿ ನೋಡಲೂ ಆರೆ" ಎಂದೆ. "ಒಂದು ಸಲ ತೋಟಕ್ಕೆ ಬನ್ನಿ ಸಾರ್. ಮೂಸಿ ನೋಡಿ ಬೇಡ ಅನ್ನಿಸಿದರೆ ಬೇಡ" ಎಂದ. ತೋಟದಲ್ಲಿ ಹೂವಾಗಿದೆಯೆಂದೂ ಸೇರಿಸಿದ. ಸೋತದ್ದು ಆ ಮಾತಿಗೆ.

ಒಂದು ಶನಿವಾರ ಮಧ್ಯಾಹ್ನ ಹಾಸನದಿಂದ ಸರ್ಕಾರಿ ಬಸ್ಸು ಹತ್ತಿದೆ. ಆಲೂರು ದಾಟಿದಂತೆ ಬಯಲುಸೀಮೆ ಹಿಂದೆ ಸರಿದು ಗುಡ್ಡಗಳು ಒಂದೊಂದಾಗಿ ಎದ್ದು ನಿಲ್ಲುತ್ತವೆ. ಗದ್ದೆಯ ಅಂಚಿನಲ್ಲೇ ಕಾಫಿ ಕಾಣಿಸಿಕೊಳ್ಳುತ್ತದೆ. ಸಕಲೇಶಪುರದ ಸೇತುವೆಯ ಕೆಳಗೆ ಬೇಸಗೆಯ ಹೇಮಾವತಿ ಬಂಡೆಗಳ ನಡುವೆ ಸಣ್ಣಗೆ ಹರಿಯುತ್ತಿದ್ದಳು. ಹೂಮಳೆ ಬಿದ್ದು ಎಂಟು ಹತ್ತು ದಿನಗಳಾಗಿದ್ದುವು. ಕಾಫಿಯ ಹೂ ಅರಳುವುದು ಆಗಲೇ. ಎರಡು ಮೂರು ದಿನ ಗುಡ್ಡಕ್ಕೆ ಗುಡ್ಡವೇ ಬೆಳ್ಳಗಾಗಿ, ಮಲ್ಲಿಗೆಯನ್ನು ಹೋಲುವ ಕಂಪು ಬಸ್ಸಿನ ಕಿಟಕಿಯೊಳಕ್ಕೂ ನುಗ್ಗುತ್ತದೆ.

ಈ ಗುಡ್ಡಗಳಿಗೂ ಇಂಗ್ಲಿಷರ ನಾಲಗೆಗೂ ಹಳೆಯ ನಂಟು. ೧೭೯೨ರಲ್ಲಿ ಟಿಪ್ಪು ಸುಲ್ತಾನ ಕಟ್ಟಿಸಿದ ನಕ್ಷತ್ರಾಕಾರದ ಕೋಟೆಯಿಂದ ಹೆಸರಾದ ಮಂಜರಾಬಾದ್ ಸೀಮೆಯಲ್ಲಿ ೧೮೪೩ರಲ್ಲಿ ಗ್ರೀನ್ ಎಂಬಾತ ಯುರೋಪಿಯನರ ಮೊದಲ ಕಾಫಿತೋಟವನ್ನು ತೆರೆದ. ೧೮೫೬ರಲ್ಲಿ ತೋಟ ಹಿಡಿದ ರಾಬರ್ಟ್ ಎಲಿಯಟ್ ಎಂಬ ದೊರೆ ಇಲ್ಲಿಯ ಬಾಳನ್ನು ಕುರಿತು ೧೮೭೧ರಲ್ಲೊಂದು, ೧೮೯೪ರಲ್ಲೊಂದು ಪುಸ್ತಕ ಬರೆದ. ಇಂಗ್ಲೆಂಡಿನಿಂದ ಈ ನಾಡಿನ ದೊರೆಗಳಿಗಾಗಿ ಪೀಪಾಯಿಗಳಲ್ಲಿ ಹಡಗೇರಿ ಬರುತ್ತಿದ್ದ ಪಾನೀಯಗಳಲ್ಲಿ ನನ್ನ ಶಿಷ್ಯನ ಬಿಯರಿನ ಪೂರ್ವಜವೂ ಒಂದು.

ಸಂಜೆ ತೋಟದ ಮನೆಯ ಜಗಲಿಯಲ್ಲಿ ಮೂರು ಗಾಜಿನ ಲೋಟಗಳನ್ನು ಇಟ್ಟರು. ಒಂದು ಅವನಿಗೆ, ಒಂದು ನನಗೆ. ಮೂರನೆಯದು ಯಾರಿಗೆಂದು ಕೇಳಿದೆ. "ಅಮ್ಮನಿಗೆ. ಅಮ್ಮ ಕುಡಿಯೋದಿಲ್ಲ, ಮೂಸಿ ಹೇಳ್ತಾರೆ. ನಮ್ಮ ಕಾಫಿಬೀಜ ಹುರಿದಾಗಲೂ ಅವರೇ ಪರೀಕ್ಷಕರು" ಎಂದ.

ಬಾಟಲಿ ತೀರ ತಣ್ಣಗಿರಲಿಲ್ಲ. ಮಂಜಿನಂತೆ ತಣ್ಣಗೆ ಕೊಟ್ಟರೆ ನಾಲಗೆ ಮರಗಟ್ಟುತ್ತದೆ, ಪರಿಮಳ ಏಳುವುದಿಲ್ಲ. ಈ ಜಾತಿಗೆ ಹತ್ತು ಹನ್ನೆರಡು ಡಿಗ್ರಿಯ ತಂಪು ಸಾಕು ಎಂದು ಅವನು ವಿವರಿಸಿದ. ಲೋಟಕ್ಕೆ ಬಿದ್ದದ್ದು ಹೊಸ ಜೇನಿನ ಬಣ್ಣ. ಮೇಲೆ ಎರಡು ಬೆರಳು ದಪ್ಪದ, ಕೆನೆಬಣ್ಣದ ನೊರೆ. ಅದು ಬೇಗ ಒಡೆಯಲಿಲ್ಲ.

ಅವನ ತಾಯಿ ಸೆರಗಿನಿಂದ ಕೈಯೊರೆಸಿಕೊಂಡು ಬಂದು ಲೋಟವನ್ನು ಮೂಗಿನ ಬಳಿ ಹಿಡಿದರು. ಸ್ವಲ್ಪ ಹೊತ್ತು ಕಣ್ಣು ಮುಚ್ಚಿದ್ದು, "ಮೊಳಕೆ ರಾಗಿ ಹುರಿಯುವಾಗ ಹೀಗೇ ಬರುತ್ತೆ" ಎಂದರು. ಮತ್ತೊಮ್ಮೆ ಮೂಸಿ, "ಹೇರಳೆಕಾಯಿ ಸಿಪ್ಪೆ ಹೆಚ್ಚಿದ ಕೈಯ ವಾಸನೆಯೂ ಇದೆ, ಅಲ್ಲವಾ ಮೇಷ್ಟ್ರೇ?" ಎಂದು ಲೋಟವನ್ನು ಇಟ್ಟು ಒಳಗೆ ಹೋದರು.

ನಾನು ಬೆರಗಾದೆ. ನಿಘಂಟಿನಲ್ಲಿ ಸಿಕ್ಕದ್ದು ಎರಡು ಉಸಿರಿನಲ್ಲಿ ಸಿಕ್ಕಿತ್ತು. ಬಿಯರಿನ ಮೈಯೆಂದರೆ ಬಾರ್ಲಿ. ಅದನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿ, ಹದವಾಗಿ ಹುರಿಯುತ್ತಾರೆ. ನಮ್ಮ ಹೆಂಗಸರು ಎಳೆಯ ಮಕ್ಕಳಿಗಾಗಿ ರಾಗಿಗೆ ಮಾಡುವುದೂ ಇದನ್ನೇ. ಶಿಷ್ಯನ ಇಂಗ್ಲಿಷ್ ಪಟ್ಟಿಯಲ್ಲಿ ಅದು 'ಬಿಸ್ಕತ್ತಿನಂಥ' ಎಂದಿತ್ತು; ಹೇರಳೆಯ ಜಾಗದಲ್ಲಿ 'ಮಾರ್ಮಲೇಡಿನಂಥ' ಎಂದಿತ್ತು. ಆ ಎರಡೂ ಇಂಗ್ಲಿಷರ ಅಡಿಗೆಮನೆಯ ಮಾತುಗಳು. ಅವರ ಅಡಿಗೆಮನೆಯಲ್ಲಿ ಅವು ಸತ್ಯ. ಅವನ್ನು ಹಾಗೆಯೇ ಕನ್ನಡಕ್ಕೆ ತಿರುಗಿಸಿದರೆ ಮಾತು ಬರುತ್ತದೆ, ವಾಸನೆ ಬರುವುದಿಲ್ಲ.

ಇನ್ನು ಕುಡಿಯುವ ಪ್ರಶ್ನೆ. ಕಾಫಿಯ ರುಚಿ ನೋಡುವವರು ಚಮಚದಿಂದ ಸದ್ದುಮಾಡಿ ಹೀರಿ, ಬಾಯೊಳಗೆ ಆಡಿಸಿ ಉಗುಳಿಬಿಡುವುದನ್ನು ನಾನು ನೋಡಿದ್ದೆ. ಹಾಗೆಯೇ ಮಾಡಿದರೆ ಆಣೆಗೂ ಭಂಗವಿಲ್ಲ, ಕೆಲಸವೂ ಆದೀತೆಂದು ಉಪಾಯ ಹೂಡಿದ್ದೆ. ಶಿಷ್ಯ ತಲೆಯಾಡಿಸಿದ. "ಬಿಯರಿನಲ್ಲಿ ಹಾಗೆ ಆಗೋದಿಲ್ಲ ಸಾರ್. ಕಹಿ ಗೊತ್ತಾಗೋದು ನುಂಗುವಾಗ. ನುಂಗಿದ ಮೇಲೆ ಎಷ್ಟು ಹೊತ್ತು ನಿಲ್ಲುತ್ತೆ ಅನ್ನೋದರಲ್ಲೇ ಎಲ್ಲ ಇದೆ. ಬಿಯರ್ ನೋಡುವವರು ಉಗುಳೋದಿಲ್ಲ."

ಲೋಟ ಎದುರಿಗಿತ್ತು. ಎಷ್ಟು ಹೊತ್ತು ಸುಮ್ಮನಿದ್ದೆನೋ, ನೊರೆ ಒಂದು ಬೆರಳಿಗೆ ಇಳಿದಿತ್ತು. ಬೇರೆಯವರು ನಂಬಿ ಓದುವ ಮಾತನ್ನು ತಿಳಿಯದೆ ಬರೆಯುವುದು ಒಂದು ತಪ್ಪು. ದೊಡ್ಡಮ್ಮ ಹಿಡಿದ ಕೈಯಿಂದ ಲೋಟ ಎತ್ತುವುದು ಇನ್ನೊಂದು. ಎರಡನ್ನೂ ತೂಗಿ ನೋಡಿದೆನೆಂದು ಹೇಳಿದರೆ ಸುಳ್ಳಾಗುತ್ತದೆ. ಕುತೂಹಲವೇ ಗೆದ್ದಿತು. ಆದರೆ ಇದನ್ನು ಅವಳಿಗೆ ನಾನೇ ಹೇಳಬೇಕು ಎಂದು ಆಗಲೇ ನಿಶ್ಚಯಿಸಿಕೊಂಡೆ.

ಮೊದಲ ಗುಟುಕಿನಲ್ಲಿ ತುದಿನಾಲಗೆಗೆ ತಗುಲಿದ್ದು ಸಿಹಿ. ಬೆಲ್ಲದ ಸಿಹಿಯಲ್ಲ, ಅನ್ನವನ್ನು ಬಹಳ ಹೊತ್ತು ಅಗಿದಾಗ ಬರುವಂಥದು. ಅದನ್ನು ಹಿಂದಟ್ಟಿಕೊಂಡು ಹೇರಳೆ ಸಿಪ್ಪೆಯ ಚುರುಕು. ನುಂಗುತ್ತಿದ್ದಂತೆ ಕಹಿ ಎದ್ದಿತು. ಹಾಗಲಕಾಯಿಯಂತೆ ಬಾಯಿಗೆ ಬಿದ್ದೊಡನೆ ಹೊಡೆಯುವ ಕಹಿಯಲ್ಲ, ಬೇವಿನಂತೆ ಮುಖ ಕಿವಿಚಿಸುವ ಕಹಿಯೂ ಅಲ್ಲ. ಎರಡು ಮೂರು ದಿನ ನೀರು ಬದಲಿಸಿ ನೆನೆಸಿದ ಕಳಲೆಯಲ್ಲಿ ಕೊನೆಗೆ ಉಳಿಯುತ್ತದಲ್ಲ, ಇದ್ದೂ ಇಲ್ಲದಂಥ ಒಂದು ಕಹಿ, ಅದರ ಅಣ್ಣನಂತಿತ್ತು. ಅದೂ ಕರಗಿದ ಮೇಲೆ ನೆಲ್ಲಿಕಾಯಿ ತಿಂದಂತೆ ಒಗರು ನಿಂತಿತು. ಎರಡನೆಯ ಗುಟುಕಿನಲ್ಲಿ ಮಳೆ ಬಿದ್ದ ತೋಟದ ತರಗೆಲೆಯ ವಾಸನೆ ಸಿಕ್ಕಿತು; 'ಭೌಮಗಂಧ' ಎಂದದ್ದು ಇದನ್ನೇ ಇರಬೇಕು. ಮೂರನೆಯ ಗುಟುಕಿಗೆ ಕಿವಿ ಬೆಚ್ಚಗಾಯಿತು. ಅಲ್ಲಿಗೆ ನಿಲ್ಲಿಸಿ ಲೋಟವನ್ನು ದೂರ ಸರಿಸಿದೆ. ರುಚಿಗೆ ಮೂರು ಗುಟುಕು ಸಾಕಾಗಿತ್ತು. ಉಳಿದದ್ದು ಅಮಲಿನ ಪಾಲು.

ಕಹಿಗೆ ಕಾರಣವಾದ ಹಾಪ್ಸ್ ಎಂಬುದು ಒಂದು ಬಳ್ಳಿಯ ಹೆಣ್ಣುಹೂಗೊಂಚಲು. ಸಿಲ್ವರ್ ಓಕ್ ಮರಕ್ಕೆ ಮೆಣಸಿನ ಬಳ್ಳಿ ಹಬ್ಬುವಂತೆ ಅದು ಎತ್ತರದ ಹುರಿಗಳಿಗೆ ಹಬ್ಬುತ್ತದೆ. ಕುಲದಲ್ಲಿ ಗಾಂಜಾಗಿಡದ ದಾಯಾದಿ. ನಮ್ಮ ದೇಶದಲ್ಲಿ ಹಿಮಾಚಲದ ಲಾಹೌಲ್ ಕಣಿವೆಯಲ್ಲಿ ಅದನ್ನು ಬೆಳೆಯುತ್ತಾರೆ. ಈ ಬಾಟಲಿಗೆ ಹಾಕಿದ್ದು ಇಂಗ್ಲೆಂಡಿನ ಗೋಲ್ಡಿಂಗ್ಸ್, ಫಗಲ್ ಎಂಬ ಹಳೆಯ ತಳಿಗಳು. ಅಮೆರಿಕದ ತಳಿಗಳಾದರೆ ಚಕ್ಕೋತವೂ ಮಾವೂ ಮುಂದಾಗಿ ಕೂಗುತ್ತವಂತೆ. ಇಂಗ್ಲಿಷ್ ತಳಿಗಳು ಮೆಲುದನಿಯವು. ಹಾಪ್ಸನ್ನು ಕುದಿಸಿದಾಗ ಅದರಲ್ಲಿಯ ಆಮ್ಲಗಳು ರೂಪ ಬದಲಿಸಿ ಕಹಿಯಾಗುತ್ತವೆ. ಆ ಕಹಿ ನಾಲಗೆಗಾಗಿ ಮಾತ್ರವಲ್ಲ. ಬಿಯರನ್ನು ಹುಳಿಯಾಗಿಸುವ ಸೂಕ್ಷ್ಮಜೀವಿಗಳನ್ನು ಅದು ತಡೆಯುತ್ತದೆ.

ಇಲ್ಲಿಯೇ ಹೆಸರಿನ ಕತೆ ಇರುವುದು. ಲಂಡನ್ನಿನ ಹಡಗು ಆಫ್ರಿಕದ ತುದಿಯನ್ನು ಬಳಸಿ ಭೂಮಧ್ಯರೇಖೆಯನ್ನು ಎರಡು ಸಲ ದಾಟಿ ಇಂಡಿಯಾ ಸೇರಲು ನಾಲ್ಕರಿಂದ ಆರು ತಿಂಗಳು ಹಿಡಿಯುತ್ತಿತ್ತು. ಸೆಕೆಯ ನಾಡಿಗೆ ಕಳುಹಿಸುವ ಬಿಯರಿಗೆ ಹಾಪ್ಸ್ ಹೆಚ್ಚು ಹಾಕಬೇಕೆಂಬ ಅರಿವು ಹದಿನೆಂಟನೆಯ ಶತಮಾನದಲ್ಲೇ ಅಲ್ಲಿಯವರಿಗಿತ್ತು. ಲಂಡನ್ನಿನ ಬೋ ಎಂಬಲ್ಲಿ, ಈಸ್ಟ್ ಇಂಡಿಯಾ ಕಂಪೆನಿಯ ಹಡಗುಗಳು ನಿಲ್ಲುತ್ತಿದ್ದ ಕಡೆಗೆ ಸಮೀಪವಾಗಿ, ಹಾಡ್ಜ್‌ಸನ್ ಎಂಬುವನ ಬ್ರೂವರಿಯಿತ್ತು. ಅವನು ಇಂಡಿಯಾಕ್ಕೆಂದೇ ಈ ಬಿಯರನ್ನು ಕಂಡುಹಿಡಿದನೆಂಬ ಕತೆ ಬಹಳ ಕಾಲ ನಡೆಯಿತು. ಅದನ್ನು ಈಗಿನ ಇತಿಹಾಸಕಾರರು ಒಪ್ಪುವುದಿಲ್ಲ. ಅಕ್ಟೋಬರಿನಲ್ಲಿ ಕುದಿಸಿ ವರ್ಷಗಟ್ಟಲೆ ಇಡುತ್ತಿದ್ದ ಗಟ್ಟಿ ಬಿಯರೇ ಹಡಗು ಹತ್ತಿ, ಅಲೆಗಳ ಮೇಲೆ ತೂಗಾಡಿ, ಬೇಗ ಮಾಗಿತು. ೧೮೨೦ರ ದಶಕದಲ್ಲಿ ಬರ್ಟನ್ ಊರಿನ ಆಲ್‌ಸಪ್ ಮೊದಲಾದವರು ಈ ವ್ಯಾಪಾರಕ್ಕೆ ಇಳಿದರು; ಜಿಪ್ಸಂ ತುಂಬಿದ ಅಲ್ಲಿಯ ಗಡಸುನೀರು ಕಹಿಯನ್ನು ಇನ್ನಷ್ಟು ಹರಿತಗೊಳಿಸಿತು. 'ಈಸ್ಟ್ ಇಂಡಿಯಾ ಪೇಲ್ ಏಲ್' ಎಂಬ ಹೆಸರು ೧೮೨೯ರಲ್ಲಿ ಸಿಡ್ನಿಯ ಪತ್ರಿಕೆಯೊಂದರ ಜಾಹೀರಾತಿನಲ್ಲಿ ಅಚ್ಚಾಗಿದೆ. ಇಂಡಿಯಾದಲ್ಲಿಯೂ ಇದನ್ನು ಕುಡಿದವರು ಅಧಿಕಾರಿಗಳು. ಸಾಮಾನ್ಯ ಸಿಪಾಯಿ ದೊರೆಗಳ ಪಾಲಿಗೆ ಬಂದದ್ದು ಪೋರ್ಟರ್ ಎಂಬ ಕಪ್ಪು ಬಿಯರು.

ಹೆಸರಿನಲ್ಲಿ ಇಂಡಿಯಾ ಇದೆ, ಲೋಟದಲ್ಲಿ ಇರಲಿಲ್ಲ. ಹಾಗೆಂದು ನಾನು ಕೊಂಕು ತೆಗೆದಾಗ ಶಿಷ್ಯ ಸುಮ್ಮನಿರಲಿಲ್ಲ. "ನೀರು ನಮ್ಮದು ಸಾರ್. ಬೆಂಗಳೂರಿಗೆ ಬರೋದು ಕಾವೇರಿ. ನಮ್ಮ ಹೇಮಾವತಿ ಹೋಗಿ ಸೇರೋದು ಅದಕ್ಕೇ ತಾನೇ? ಅದಕ್ಕೆ ಒಂದಿಷ್ಟು ಜಿಪ್ಸಂ ಬೆರೆಸಿದ್ದೀವಿ, ಅಷ್ಟೆ." ಕನ್ನಂಬಾಡಿಯ ಹಿನ್ನೀರಿನಲ್ಲಿ ಹೇಮಾವತಿ ಕಾವೇರಿಯನ್ನು ಕೂಡುವುದನ್ನು ನಾನು ಮರೆತಿದ್ದೆ. ಮಧ್ಯಾಹ್ನ ಸೇತುವೆಯ ಕೆಳಗೆ ಕಂಡ ನೀರು ಇನ್ನೊಂದು ದಾರಿಯಿಂದ ಮನೆಗೆ ಮರಳಿದಂತಾಯಿತು.

ನಮ್ಮ ಬಗನಿಮರದ ಕಳ್ಳಿಗೆ ಇಂಥ ಪ್ರಯಾಣದ ಯೋಗವಿಲ್ಲ. ಬೆಳಿಗ್ಗೆ ಇಳಿಸಿದಾಗ ಸಿಹಿ, ಸಂಜೆಗೆ ಹುಳಿ, ಮರುದಿನಕ್ಕೆ ಯಾರಿಗೂ ಬೇಡ. ಅದನ್ನು ಕಾಯುವ ಕಹಿ ಅದರಲ್ಲಿಲ್ಲ. ದೂರ ಹೋಗಬೇಕಾದದ್ದಕ್ಕೆ ಕಹಿ ಬೇಕು ಎಂಬ ಮಾತು ಬಿಯರಿಗೆ ಮಾತ್ರ ಸಲ್ಲುತ್ತದೆಂದು ನಾನು ತಿಳಿದಿಲ್ಲ.

ರಾತ್ರಿ ಊಟವಾದ ಮೇಲೆ ಕಾಗದ ಹಿಡಿದು ಕುಳಿತೆವು. ಸಿಹಿಯನ್ನು ಗುರುತಿಸಲು ನಾಲಗೆಗೆ ಒಂದೇ ಬಗೆಯ ಗ್ರಾಹಕ ಸಾಕಾದರೆ, ಕಹಿಗೆ ಸುಮಾರು ೨೫ ಬಗೆಗಳಿವೆಯೆಂದು ವಿಜ್ಞಾನ ಹೇಳುತ್ತದೆ. ವಿಷವೆಲ್ಲ ಬಹುಮಟ್ಟಿಗೆ ಕಹಿಯಾದುದರಿಂದ ದೇಹ ಅಷ್ಟು ಕಾವಲುಗಾರರನ್ನು ಇಟ್ಟುಕೊಂಡಿದೆ. ನಮ್ಮ ನುಡಿಗೆ ಸಂಸ್ಕೃತದ 'ತಿಕ್ತ' ಇದೆ. ಹಳಗನ್ನಡದ 'ಕಯ್ಪು' ಇದೆ. ಅದರ ಬಳಗದ 'ಕಹಿ' ಇದೆ. ಇಷ್ಟರಲ್ಲಿ ಇಪ್ಪತ್ತೈದನ್ನು ಹೇಗೆ ಹೇಳುವುದು? ಹೇಳಬಹುದು, ಹೆಸರಿನಿಂದಲ್ಲ, ಹೋಲಿಕೆಯಿಂದ. ಹಾಗಲದ ಕಹಿ, ಬೇವಿನ ಕಹಿ, ಕಳಲೆಯ ಕಹಿ, ಕಪ್ಪು ಕಾಫಿಯ ಕಹಿ ಎಂದೊಡನೆ ಮಲೆನಾಡಿನ ಯಾವ ಅಜ್ಜಿಗೂ ಅವು ಬೇರೆ ಬೇರೆಯಾಗಿಯೇ ತಿಳಿಯುತ್ತವೆ. ಬಿಯರಿನ ಕಹಿಗೆ ಅಂತರರಾಷ್ಟ್ರೀಯ ಅಳತೆಯೊಂದಿದೆ. ಇಂಗ್ಲಿಷ್ ಶೈಲಿಯ ಈ ಜಾತಿಗೆ ಅದು ೪೦ರಿಂದ ೬೦. ಸಂಖ್ಯೆ ಎಷ್ಟು ಎಂಬುದನ್ನು ಹೇಳುತ್ತದೆ, ಎಂಥದು ಎಂಬುದನ್ನು ಹೇಳುವುದಿಲ್ಲ.

ಕೊನೆಗೆ ನಾನು ಬರೆದುಕೊಟ್ಟದ್ದು ಇಷ್ಟು: "ಮೊಳಕೆ ರಾಗಿ ಹುರಿದ ಘಮ. ಹೇರಳೆ ಸಿಪ್ಪೆಯ ಚುರುಕು. ಕಳಲೆಯ ಕಹಿ, ಕೊನೆಗೆ ಒಗರು. ನಿಧಾನವಾಗಿ."

ಶಿಷ್ಯ ಎರಡು ಸಲ ಓದಿ, "ಕಹಿ ಅನ್ನೋದನ್ನ ಬಿಟ್ಟರೆ ಹೇಗೆ ಸಾರ್? ಪಾಲುದಾರರು ಹೆದರ್ತಾರೆ. ಕಹಿ ಅಂತ ಬರೆದರೆ ಯಾರು ಕೊಳ್ತಾರೆ?" ಎಂದ. ಅವನ ಮನಸ್ಸಿನಲ್ಲಿ 'ಸೋಮರಸ' ಎಂಬ ಪದವೂ ಸುಳಿದಿತ್ತು. "ಸೋಮ ಎಂದು ಬರೆಯುವುದಾದರೆ ನನ್ನ ಮೂರು ಸಾಲು ವಾಪಸು ಕೊಡು. ಕಹಿಯನ್ನು ಕಹಿ ಎನ್ನದೆ ಮಾರಿದ್ದನ್ನು ನಾನು ನಮ್ಮ ಊರಿನಲ್ಲಿ ನೋಡಿದ್ದೇನೆ, ಮಗೂ" ಎಂದೆ. ದನಿ ಸ್ವಲ್ಪ ಗಡುಸಾಯಿತು. ಆಗ ದೊಡ್ಡಪ್ಪನ ಕತೆಯನ್ನು ಹೇಳಿದೆ. ಅವನು ಚೀಟಿಯನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡ.

ಮರುದಿನ ಬೆಳಿಗ್ಗೆ ಬಸ್ಸಿಗೆ ಕಾಯುತ್ತಿದ್ದಾಗ ತಂಗುದಾಣದ ಕಟ್ಟೆಯ ಮೇಲೆ ಒಬ್ಬ ಮಲಗಿದ್ದ. ಹಿಂದಿನ ದಿನ ತೋಟಗಳಲ್ಲಿ ಬಟವಾಡೆಯಾಗಿತ್ತು. ಪಕ್ಕದಲ್ಲಿ ಹರಿದು ಬಿಸಾಡಿದ ಅಗ್ಗದ ವಿಸ್ಕಿಯ ಕಾಗದದ ಪೊಟ್ಟಣ. ಸಾರಾಯಿ ನಿಂತರೂ ಪೊಟ್ಟಣ ನಿಂತಿಲ್ಲ. ಶಿಷ್ಯನ ಒಂದು ಬಾಟಲಿಯ ಬೆಲೆ ಇವನ ಅರ್ಧ ದಿನದ ಕೂಲಿಗೆ ಹತ್ತಿರ. ಹಾಗಾಗಿ ನನ್ನ ನಾಲ್ಕು ಮಾತನ್ನು ಇವನು ಎಂದೂ ಓದುವವನಲ್ಲ. ರುಚಿಗೆ ಹೆಸರಿಡುವ ಬಿಡುವು ಎಲ್ಲರಿಗೂ ಇಲ್ಲ. ಇರುವ ನಾವು ಅದನ್ನು ಪುಣ್ಯವೆಂದು ಹೇಳಿಕೊಳ್ಳಬಾರದು.

ಆಲೂರಿನಲ್ಲಿ ಇಳಿದು ಊರಿಗೆ ಹೋದೆ. ದೊಡ್ಡಮ್ಮ ಅಂಗಳದಲ್ಲಿ ಮೆಣಸು ಒಣಹಾಕುತ್ತಿದ್ದಳು. ಕುಳಿತು, ಸುತ್ತಿ ಬಳಸದೆ, "ನಿನ್ನೆ ಮೂರು ಗುಟುಕು ಬಿಯರು ಕುಡಿದೆ ದೊಡ್ಡಮ್ಮ" ಎಂದೆ. ಏಕೆ, ಎಲ್ಲಿ ಎಂಬುದನ್ನೂ ಹೇಳಿದೆ. ಅವಳ ಕೈ ನಿಲ್ಲಲಿಲ್ಲ.

"ಹೆಂಗಿತ್ತು?" ಎಂದು ಕೇಳಿದಳು.

ಹೇಳಿದೆ. ಮೊಳಕೆ ರಾಗಿ, ಹೇರಳೆ, ಕಳಲೆ, ನೆಲ್ಲಿಕಾಯಿ. ಅವಳು ತಲೆಯೆತ್ತದೆ ಕೇಳಿದಳು.

"ಇಪ್ಪತ್ತೆರಡು ವರ್ಷ ಕುಡಿದರು ನಿಮ್ಮ ದೊಡ್ಡಪ್ಪ" ಎಂದಳು. "ಒಂದು ದಿನ ಕೇಳಿದ್ದೆ, ಹೆಂಗಿರುತ್ತೆ ಅದು ಅಂತ. ಗೊತ್ತಿಲ್ಲ ಅಂದರು."

ಆಮೇಲೆ ಎದ್ದು ಒಳಗೆ ಹೋಗಿ ಕಾಫಿ ತಂದುಕೊಟ್ಟಳು. ಹಾಲಿರಲಿಲ್ಲ, ಬೆಲ್ಲ ಕಡಿಮೆಯಾಗಿತ್ತು. ನಾನು ಅದನ್ನು ಬಹಳ ಹೊತ್ತು ಕುಡಿದೆ.